ಗ್ರೀನ್ ಟೀ ಕಹಿ, ವೈಟ್ ಟೀ ಸಪ್ಪೆ: ತಪ್ಪು ಎಲೆಯದ್ದೋ, ನೀರಿನದ್ದೋ?

ಓದುಗರ ಪ್ರಶ್ನೆ

"ಹಲವು ವರ್ಷಗಳಿಂದ ಟೀ ಬ್ಯಾಗಿನ ಗ್ರೀನ್ ಟೀ ಕುಡಿಯುತ್ತಿದ್ದೇನೆ. ರುಚಿಗೆ ಅಂತ ಅಲ್ಲ, ದೇಹಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ ಅಂತ. ಬಿಡಿ ಎಲೆಯ ಚಹಾದ ರುಚಿಯೇ ಬೇರೆ ಎಂದು ಕೇಳಿ ಕಳೆದ ವರ್ಷ ಎರಡು ದೊಡ್ಡ ಪೊಟ್ಟಣ ತರಿಸಿದೆ. ಒಂದು ಜಪಾನಿನ ಸೆಂಚಾ, ಇನ್ನೊಂದು ಸಿಲ್ವರ್ ನೀಡಲ್ ಎಂಬ ವೈಟ್ ಟೀ. ಎರಡರಲ್ಲೂ ನಿರಾಸೆ. ಒಂದು ಚಮಚ ಸೆಂಚಾಕ್ಕೆ ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟರೆ ಬಾಯಿಗೆ ಇಡಲಾಗದಷ್ಟು ಕಹಿ, ನಾಲಿಗೆಯೆಲ್ಲ ಒಗರು. ವೈಟ್ ಟೀಯನ್ನೂ ಒಂದೇ ಚಮಚ ಹಾಕಿ ಮಾಡಿದೆ, ಬರೀ ಬಿಸಿನೀರು ಕುಡಿದ ಹಾಗಿತ್ತು. ಮೇಲೆ ಬಿಳಿ ನಾರಿನಂಥದ್ದು ತೇಲುತ್ತಿತ್ತು. ಬೂಷ್ಟು ಇರಬಹುದೇ ಎಂಬ ಭಯ. ಎರಡನ್ನೂ ಗಾಜಿನ ಜಾಡಿಯಲ್ಲಿ ಒಲೆಯ ಪಕ್ಕದ ತೆರೆದ ಶೆಲ್ಫಿನಲ್ಲಿ ಇಟ್ಟಿದ್ದೇನೆ. ಸೆಂಚಾದ ಹಸಿರು ಈಗ ಹಳದಿಗೆ ತಿರುಗಿದೆ. ವೈಟ್ ಟೀಯಲ್ಲಿ ಕೆಫೀನ್ ಇಲ್ಲವೆಂದು ಓದಿ ರಾತ್ರಿ ಊಟವಾದ ಮೇಲೆ ಕುಡಿಯುತ್ತಿದ್ದೆ, ಆದರೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಗ್ರೀನ್ ಟೀ ಕುಡಿದರೆ ವಾಕರಿಕೆ. ನನಗೆ ಕಳಪೆ ಮಾಲು ಸಿಕ್ಕಿತೇ? ಮುಂದೆ ಕೊಳ್ಳುವಾಗ ಏನು ನೋಡಬೇಕು? ಅಥವಾ ಇವು ನನಗೆ ಒಗ್ಗುವುದಿಲ್ಲ ಎಂದು ಬಿಟ್ಟುಬಿಡಲೇ?"

ಉತ್ತರ

ಬಿಡಬೇಡಿ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ: ಹಣ ಕೊಟ್ಟು ಮೋಸ ಹೋದೆನೇ? ನೀವು ಬರೆದ ವಿವರ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಚಹಾದ ರುಚಿ ನೋಡಿ ದರ್ಜೆ ಹೇಳುವುದು ನನ್ನ ವೃತ್ತಿ. ಟೀ ಬ್ಯಾಗಿನಿಂದ ಬಿಡಿ ಎಲೆಗೆ ಬಂದವರಿಂದ ಹೆಚ್ಚಾಗಿ ಕೇಳುವ ದೂರು ಇವೇ ಎರಡು. ಗ್ರೀನ್ ಟೀ ಕಹಿ, ವೈಟ್ ಟೀ ಸಪ್ಪೆ. ಒಂದಕ್ಕೆ ಬಿಸಿ ಜಾಸ್ತಿಯಾಗಿದೆ, ಇನ್ನೊಂದಕ್ಕೆ ಎಲೆ ಕಡಿಮೆಯಾಗಿದೆ. ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ರೀತಿ ಮಾಡಿದ್ದರಿಂದ ಹೀಗಾಯಿತು.

ಇವೆರಡೂ ಬೇರೆ ಬೇರೆ ಗಿಡದ ಎಲೆಗಳಲ್ಲ. ಗ್ರೀನ್, ವೈಟ್, ಬ್ಲ್ಯಾಕ್ ಎಲ್ಲವೂ ಕೆಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದಿಂದ ಬರುತ್ತವೆ. ಚೀನಾದ ಸಣ್ಣ ಎಲೆಯ ಬಗೆ, ಅಸ್ಸಾಮಿನ ದೊಡ್ಡ ಎಲೆಯ ಬಗೆ ಎಂದು ಒಳಭೇದ ಇದೆ, ಅಷ್ಟೆ. ಕಿತ್ತ ಮೇಲೆ ಎಲೆಗೆ ಏನು ಮಾಡುತ್ತಾರೆ ಎಂಬುದರಿಂದ ಹೆಸರು ಬದಲಾಗುತ್ತದೆ. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಚಹಾ ಎಲೆಯೂ ಹಾಗೇ. ಒಳಗಿರುವ ಕಿಣ್ವಕ್ಕೆ ಗಾಳಿ ಸೋಕಿದರೆ ಎಲೆ ಕಂದು ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ. ಬ್ಲ್ಯಾಕ್ ಟೀ ಮಾಡುವವರು ಅದನ್ನು ಪೂರ್ತಿ ಆಗಲು ಬಿಡುತ್ತಾರೆ. ಗ್ರೀನ್ ಟೀ ಮಾಡುವವರು ಎಲೆಯನ್ನು ಬೇಗನೆ ಬಿಸಿ ಮಾಡಿ ಆ ಕಿಣ್ವದ ಕೆಲಸ ನಿಲ್ಲಿಸುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಹಾಂಗ್‌ಝೌ ಬಳಿಯ ಲಾಂಗ್‌ಜಿಂಗ್ ಎಂಬ ಚಹಾ ಹಾಗೆ ಆದದ್ದು, ಅದಕ್ಕೇ ಅದರಲ್ಲಿ ಹುರಿದ ಕಾಳಿನ ಘಮ ಇರುತ್ತದೆ. ಜಪಾನಿನಲ್ಲಿ ಹಬೆ ಹಾಯಿಸುತ್ತಾರೆ. ಹಾಗಾಗಿ ನಿಮ್ಮ ಸೆಂಚಾದಲ್ಲಿ ಹಸಿ ಸೊಪ್ಪಿನ, ಸಮುದ್ರ ಪಾಚಿಯ ವಾಸನೆ.

ವೈಟ್ ಟೀಗೆ ಹುರಿಯುವುದೂ ಇಲ್ಲ, ಹಬೆಯೂ ಇಲ್ಲ, ಉಜ್ಜಿ ಸುರುಳಿ ಮಾಡುವುದೂ ಇಲ್ಲ. ಕಿತ್ತ ಚಿಗುರನ್ನು ತೆಳ್ಳಗೆ ಹರಡಿ, ಒಂದೆರಡು ದಿನ ಅಥವಾ ಅದಕ್ಕೂ ಜಾಸ್ತಿ ಹೊತ್ತು ನಿಧಾನವಾಗಿ ಬಾಡಿಸಿ, ಒಣಗಿಸುತ್ತಾರೆ. ಕೇಳಲು ಸುಲಭ. ಆದರೆ ಹವೆಯ ತೇವ ಸ್ವಲ್ಪ ಹೆಚ್ಚಾದರೂ ಎಲೆ ಕಪ್ಪಾಗುತ್ತದೆ, ಬೇಗ ಒಣಗಿದರೆ ಹುಲ್ಲಿನ ವಾಸನೆ ಉಳಿಯುತ್ತದೆ. ಕೈಕೆಲಸ ಕಡಿಮೆ ಇರುವುದರಿಂದಲೇ ಇದರಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ಚೀನಾದ ಫುಜಿಯಾನ್ ಪ್ರಾಂತ್ಯದ ಫುಡಿಂಗ್ ಮತ್ತು ಝೆಂಗ್‌ಹೆ ಇದರ ಹೆಸರುವಾಸಿ ನೆಲೆಗಳು. ಡಾರ್ಜಿಲಿಂಗ್, ನೀಲಗಿರಿ, ಶ್ರೀಲಂಕಾದಲ್ಲೂ ಈಗ ಒಳ್ಳೆಯ ವೈಟ್ ಟೀ ಆಗುತ್ತಿದೆ.

ಈಗ ಕಹಿಯ ವಿಷಯಕ್ಕೆ ಬರೋಣ. ನಿಮ್ಮ ಅರ್ಧ ಸಮಸ್ಯೆ ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಗ್ರೀನ್ ಟೀ ಎಲೆಯಲ್ಲಿ ರುಚಿ ಕೊಡುವ ಮೂರು ಮುಖ್ಯ ವಸ್ತುಗಳಿವೆ. ಕೆಟೆಚಿನ್‌ಗಳಿಂದ ಒಗರು, ಕಹಿ ಎರಡೂ ಬರುತ್ತವೆ. ಕೆಫೀನಿನಿಂದ ಕಹಿ. ಥಿಯನೀನ್ ಎಂಬ ಅಮೈನೋ ಆಮ್ಲದಿಂದ ಸಿಹಿ ಕಡೆಗೆ ವಾಲುವ, ಬಾಯಿ ತುಂಬುವ ಒಂದು ರುಚಿ. ಥಿಯನೀನ್ ಕಡಿಮೆ ಬಿಸಿಯ ನೀರಿಗೂ ಸಲೀಸಾಗಿ ಇಳಿಯುತ್ತದೆ. ಕೆಟೆಚಿನ್, ಕೆಫೀನ್ ಹಾಗಲ್ಲ. ನೀರು ಬಿಸಿಯಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಅವು ಜಾಸ್ತಿ ಇಳಿಯುತ್ತವೆ. ಸೆಂಚಾ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಉಜ್ಜಿ, ಸೂಜಿಯಂತೆ ಸುತ್ತಿರುತ್ತಾರೆ. ಆಗಲೇ ಎಲೆಯ ಕೋಶಗಳು ಒಡೆದಿರುತ್ತವೆ. ಅದಕ್ಕೆ ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟರೆ ಸಿಹಿಯೆಲ್ಲ ಕಹಿಯ ಅಡಿಯಲ್ಲಿ ಹೂತುಹೋಗುತ್ತದೆ. ಎಲೆ ಎಷ್ಟೇ ಒಳ್ಳೆಯದಿರಲಿ, ಫಲಿತಾಂಶ ಇದೇ.

ಹಾಗಾದರೆ ಎಷ್ಟು ಬಿಸಿ? ಸೆಂಚಾಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್, 60ರಿಂದ 90 ಸೆಕೆಂಡು. 150 ಮಿಲಿಲೀಟರ್ ನೀರಿಗೆ 3 ಗ್ರಾಂ ಎಲೆ. ಹುರಿದ ಚೀನೀ ಗ್ರೀನ್ ಟೀಗೆ 75ರಿಂದ 85 ಡಿಗ್ರಿ, ಎರಡು ನಿಮಿಷದವರೆಗೆ. ಜಪಾನಿನ ಗ್ಯೊಕುರೊ ಇನ್ನೂ ನಾಜೂಕು, 50ರಿಂದ 60 ಡಿಗ್ರಿ ಸಾಕು. ಕೊಯ್ಲಿಗೆ ಸುಮಾರು 20 ದಿನ ಮೊದಲೇ ಆ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲಲ್ಲಿ ಥಿಯನೀನ್ ಕೆಟೆಚಿನ್ ಆಗುತ್ತಾ ಹೋಗುತ್ತದೆ, ನೆರಳಲ್ಲಿ ಅದು ತಡವಾಗುತ್ತದೆ. ಗ್ಯೊಕುರೊ ಅಷ್ಟು ಸಿಹಿಯಾಗಿರುವುದಕ್ಕೆ ಅದೇ ಕಾರಣ.

ಉಷ್ಣಮಾಪಕ ಬೇಕೇ ಬೇಕು ಅಂತೇನಿಲ್ಲ. ಕುದಿದ ನೀರು ಮೂರು ಪಾಲು, ಕುಡಿಯುವ ತಣ್ಣೀರು ಒಂದು ಪಾಲು ಬೆರೆಸಿದರೆ ಸುಮಾರು 80 ಡಿಗ್ರಿಗೆ ಬರುತ್ತದೆ. ಎರಡು ಪಾಲಿಗೆ ಒಂದು ಪಾಲು ಬೆರೆಸಿದರೆ ಸುಮಾರು 75. ಇಲ್ಲವೇ ಕುದಿದ ನೀರನ್ನು ಮೊದಲು ಖಾಲಿ ಕಪ್ಪಿಗೆ ಸುರಿದು, ಅಲ್ಲಿಂದ ಇನ್ನೊಂದಕ್ಕೆ ಸುರಿಯಿರಿ. ಪಾತ್ರೆ ಬದಲಿಸಿದಾಗಲೆಲ್ಲ ಹತ್ತಿರ ಹತ್ತಿರ 10 ಡಿಗ್ರಿ ಇಳಿಯುತ್ತದೆ. ಸೆಂಚಾಕ್ಕೆ ಎರಡು ಸಲ ಬದಲಿಸಿ. ನಂತರ ಎಲೆಯನ್ನು ಪೂರ್ತಿ ಸೋಸಿ ತೆಗೆಯಿರಿ. ಕಪ್ಪಿನ ತಳದಲ್ಲಿ ಎಲೆ ಉಳಿದರೆ ಅದು ಕಹಿ ಬಿಡುತ್ತಲೇ ಇರುತ್ತದೆ. ಬಹಳ ಜನ ಸರಿಯಾಗಿ ಮಾಡಿ ಕೊನೆಗೆ ಎಡವುವುದು ಇಲ್ಲೇ.

ನೀರು ಗಡುಸಾಗಿದ್ದರೂ ಚಹಾ ಮಂಕಾಗುತ್ತದೆ. ಕಪ್ಪಿನ ಮೇಲೆ ತೆಳ್ಳನೆ ಕೆನೆಯಂಥ ಪೊರೆ ಕಟ್ಟುತ್ತಿದ್ದರೆ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದೆ ಎಂದು ತಿಳಿಯಿರಿ. ಫಿಲ್ಟರ್ ಮಾಡಿದ ಮೆದು ನೀರು ಒಳ್ಳೆಯದು. ಖನಿಜವೇ ಇಲ್ಲದ ನೀರಿನಲ್ಲಿ ಮಾತ್ರ ಚಹಾ ಚಪ್ಪಟೆ ಅನ್ನಿಸುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಕುದಿಯುವ ನೀರು ಗ್ರೀನ್ ಟೀಯನ್ನು "ಸುಟ್ಟುಬಿಡುತ್ತದೆ" ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ನಿಜವಲ್ಲ. ಬಾಣಲೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿ ಕಂಡ ಎಲೆ ಅದು. ನಾವು ವೃತ್ತಿಯಲ್ಲಿ ಚಹಾ ಪರೀಕ್ಷೆ ಮಾಡುವಾಗ ಬೇಕೆಂದೇ ಕುದಿಯುವ ನೀರು ಬಳಸುತ್ತೇವೆ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ. ಅದು ಕುಡಿದು ಸುಖಪಡಲು ಅಲ್ಲ, ಎಲೆಯ ಎಲ್ಲ ದೋಷವೂ ಹೊರಗೆ ಬರಲಿ ಎಂದು. ಹೊಸ ಎಲೆ ತಂದಾಗ ನೀವೂ ಒಮ್ಮೆ ಹೀಗೆ ಮಾಡಿ ನೋಡಬಹುದು. ಒಳ್ಳೆಯ ಎಲೆ ಆಗ ಗಡುಸಾಗಿ, ಒಗರಾಗಿ ಇರುತ್ತದೆ, ಆದರೆ ಒಗರು ಸ್ವಲ್ಪ ಹೊತ್ತಿನಲ್ಲಿ ಕರಗಿ ಗಂಟಲಲ್ಲಿ ಸಿಹಿ ಬರುತ್ತದೆ. ಕಳಪೆ ಎಲೆಯಲ್ಲಿ ಕಹಿ ನಾಲಿಗೆಗೆ ಅಂಟಿಕೊಂಡೇ ಇರುತ್ತದೆ. ಜೊತೆಗೆ ಹೊಗೆ, ಹಳೆ ಕಾಗದ, ಒಣಹುಲ್ಲಿನ ವಾಸನೆ ಎದ್ದು ಬರುತ್ತದೆ.

ವೈಟ್ ಟೀ ಯಾಕೆ ಸಪ್ಪೆಯಾಯಿತು? ಚಮಚದ ಅಳತೆಯಿಂದ. ಚಮಚ ಜಾಗವನ್ನು ಅಳೆಯುತ್ತದೆ, ತೂಕವನ್ನಲ್ಲ. ಗುಂಡಗೆ ಸುತ್ತಿದ ಗನ್‌ಪೌಡರ್ ಎಂಬ ಗ್ರೀನ್ ಟೀ ಒಂದು ಟೀ ಚಮಚಕ್ಕೆ ಸುಮಾರು 3 ಗ್ರಾಂ ತೂಗುತ್ತದೆ. ಉಬ್ಬಿಕೊಂಡಿರುವ ವೈಟ್ ಟೀ ಅದೇ ಚಮಚದಲ್ಲಿ ಒಂದು ಗ್ರಾಂ ಕೂಡ ಹಿಡಿಯದೆ ಹೋಗಬಹುದು. ಅಂದರೆ ನೀವು ಬೇಕಾದುದರಲ್ಲಿ ಮೂರನೇ ಒಂದು ಪಾಲು ಎಲೆ ಹಾಕಿದ್ದೀರಿ. ಅದರ ಮೇಲೆ ಸಿಲ್ವರ್ ನೀಡಲ್ ಅನ್ನುವುದು ಬರೀ ಮೊಗ್ಗು. ಉಜ್ಜಿಲ್ಲ, ಕೋಶ ಒಡೆದಿಲ್ಲ, ಮೇಲೆ ದಟ್ಟ ರೋಮದ ಹೊದಿಕೆ. ನೀರು ಒಳಗೆ ಇಳಿಯಲು ಹೊತ್ತು ಬೇಕು. 150 ಮಿಲಿಲೀಟರ್‌ಗೆ 3ರಿಂದ 4 ಗ್ರಾಂ ಹಾಕಿ, 85ರಿಂದ 90 ಡಿಗ್ರಿಯ ನೀರಿನಲ್ಲಿ ನಾಲ್ಕರಿಂದ ಆರು ನಿಮಿಷ ಬಿಡಿ. ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳುವುದು ಲೇಸು. ದುಬಾರಿ ಟೀ ಪಾಟ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುವ ವಸ್ತು.

ಹೀಗೆ ಮಾಡಿದರೂ ಸಿಲ್ವರ್ ನೀಡಲ್‌ನ ರುಚಿ ಜೋರಾಗಿರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ತೆಳು ಹಳದಿ ಬಣ್ಣ, ಒಣಹೂವಿನ ಘಮ, ಜೇನಿನ ಛಾಯೆ, ಬಾಯಲ್ಲಿ ಒಂದು ಬಗೆಯ ನಯ, ಇಷ್ಟೇ. ಖಾರ ಊಟದ ಬೆನ್ನಿಗೇ ಕುಡಿದರೆ ಏನೂ ಗೊತ್ತಾಗುವುದಿಲ್ಲ. ನೀವು ಕುಡಿದದ್ದು ರಾತ್ರಿ ಊಟದ ಮೇಲೆ, ಅಲ್ವಾ? ಬಾಯಿ ಶುಭ್ರವಾಗಿದ್ದಾಗ, ಬಿಸಿ ಸ್ವಲ್ಪ ಇಳಿದ ಮೇಲೆ ಕುಡಿದು ನೋಡಿ. ಚಹಾದ ಘಮ ಚೆನ್ನಾಗಿ ತಿಳಿಯುವುದು ಅದು ಬೆಚ್ಚಗಿನ ಹದಕ್ಕೆ ಬಂದಾಗ. ಆರೋಗ್ಯದ ದೃಷ್ಟಿಯಿಂದಲೂ ಸುಡು ಸುಡು ಕುಡಿಯುವುದು ಬೇಡ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ತಪ್ಪು ಅಲ್ಲಿ ಚಹಾದ್ದಲ್ಲ, ಬಿಸಿಯದ್ದು.

ತೇಲುತ್ತಿದ್ದ ಬಿಳಿ ನಾರು ಬೂಷ್ಟಲ್ಲ. ಎಳೆ ಚಿಗುರಿನ ಮೇಲಿರುವ ಸೂಕ್ಷ್ಮ ರೋಮ ಅದು. ಅದು ಇರುವುದು ಎಲೆ ಎಳೆಯದು ಎಂಬುದಕ್ಕೆ ಗುರುತು. ಬೂಷ್ಟಾದರೆ ಒಣ ಎಲೆಯಲ್ಲೇ ಬಲೆ ಕಟ್ಟಿದಂತೆ ಕಾಣುತ್ತದೆ, ಎಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಜಾಡಿ ತೆರೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ.

ನಿದ್ದೆಯ ಪ್ರಶ್ನೆಗೆ ಬಂದರೆ, ವೈಟ್ ಟೀಯಲ್ಲಿ ಕೆಫೀನ್ ಇಲ್ಲ ಎಂಬುದು ಶುದ್ಧ ಸುಳ್ಳು. ಬಣ್ಣ ತೆಳುವಾಗಿದೆ, ಹಾಗಾಗಿ ಶಕ್ತಿಯೂ ತೆಳು ಎಂದು ಯಾರೋ ಊಹಿಸಿದ್ದು ಈಗ ನಿಜವೆಂದೇ ಓಡಾಡುತ್ತಿದೆ. ಕೆಫೀನ್ ಗಿಡಕ್ಕೆ ಕೀಟಗಳಿಂದ ರಕ್ಷಣೆ. ಕೀಟಗಳಿಗೆ ಬೇಕಾದದ್ದು ಎಳೆ ಚಿಗುರು, ಹಾಗಾಗಿ ಗಿಡ ಅಲ್ಲೇ ಹೆಚ್ಚು ಕೆಫೀನ್ ತುಂಬಿಡುತ್ತದೆ. ಬಲಿತ ಎಲೆಗಿಂತ ಮೊಗ್ಗಿನಲ್ಲಿ ಕೆಫೀನ್ ಜಾಸ್ತಿ. ಬರೀ ಮೊಗ್ಗಿನಿಂದಲೇ ಮಾಡಿದ ಸಿಲ್ವರ್ ನೀಡಲ್ ಕೆಫೀನಿನಲ್ಲಿ ಹಿಂದೆ ಬೀಳುವುದಾದರೂ ಹೇಗೆ? ಒಣ ಚಹಾ ಎಲೆಯ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 2ರಿಂದ 4 ಪಾಲು ಕೆಫೀನ್ ಇರುತ್ತದೆ. 3 ಗ್ರಾಂ ಎಲೆ ಅಂದರೆ 60ರಿಂದ 120 ಮಿಲಿಗ್ರಾಂ. ಅಷ್ಟೂ ಕಪ್ಪಿಗೆ ಇಳಿಯುವುದಿಲ್ಲ, ಆದರೆ ಸುಮ್ನೆ ಅಲ್ಲಗಳೆಯುವಷ್ಟು ಕಡಿಮೆಯೂ ಅಲ್ಲ. ಕುಡಿದ ಕೆಫೀನಿನ ಅರ್ಧ ಪಾಲು ದೇಹದಿಂದ ಹೋಗಲು ಹಲವರಿಗೆ ಐದು ಗಂಟೆಯಷ್ಟು ಬೇಕು. ನಾನು ಈಗ ಹೇಳಿದ ಅಳತೆಯಲ್ಲಿ ರಾತ್ರಿ ಕುಡಿದರೆ ನಿಮ್ಮ ನಿದ್ದೆ ಇನ್ನೂ ಕೆಡುತ್ತದೆ. ಮಧ್ಯಾಹ್ನದ ಒಳಗೇ ಮುಗಿಸಿ. ಮೊದಲ 30 ಸೆಕೆಂಡಿನ ನೀರು ಚೆಲ್ಲಿದರೆ ಕೆಫೀನ್ ಎಲ್ಲ ಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಅಷ್ಟರಲ್ಲಿ ಹೋಗುವುದು ಅಲ್ಪ ಭಾಗ. ಘಮ ಮಾತ್ರ ಚೆನ್ನಾಗಿ ಹೋಗುತ್ತದೆ.

ಖಾಲಿ ಹೊಟ್ಟೆಯ ವಾಕರಿಕೆ ಗ್ರೀನ್ ಟೀ ಕುಡಿಯುವವರಲ್ಲಿ ಸಾಮಾನ್ಯ. ನೀವು ಮಾಡಿಕೊಳ್ಳುತ್ತಿದ್ದಷ್ಟು ಗಡುಸಾದರೆ ಇನ್ನೂ ಜಾಸ್ತಿ. ಏನಾದರೂ ತಿಂದ ಮೇಲೆ ಕುಡಿಯಿರಿ. ಹಾಗಂತ ಊಟದ ಜೊತೆಗೇ ಬೇಡ, ಯಾಕೆಂದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ಚಹಾ ತಡೆಯುತ್ತದೆ. ರಕ್ತಹೀನತೆ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ತಿಂದು ಒಂದು ಗಂಟೆ ಕಳೆದ ಮೇಲಿನ ಹೊತ್ತು ಎರಡಕ್ಕೂ ಹೊಂದುತ್ತದೆ.

ಆರೋಗ್ಯದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಔಷಧಿ ಅಂತ ಈ ಚಹಾ ಕೊಳ್ಳಬೇಡಿ. ತೂಕ ಇಳಿಸುವ ವಿಷಯದಲ್ಲಿ ಕೊಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದ 2012ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಗ್ರೀನ್ ಟೀಯಿಂದ ಇಳಿಯುವ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದಿತು. ವೈಟ್ ಟೀಯಲ್ಲಿ ಗ್ರೀನ್ ಟೀಗಿಂತ ಹೆಚ್ಚು ಆಂಟಿಆಕ್ಸಿಡೆಂಟ್ ಇದೆ ಎನ್ನುವುದೂ ಕಟ್ಟುನಿಟ್ಟಾದ ನಿಯಮವಲ್ಲ. ತಳಿ, ಕೊಯ್ಲಿನ ಕಾಲ, ಎಲೆಯ ವಯಸ್ಸು ಬದಲಾದಂತೆ ಅದೂ ಬದಲಾಗುತ್ತದೆ. ಎಲೆ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ. ಮಾತ್ರೆ ರೂಪದ ಗ್ರೀನ್ ಟೀ ಸಾರದ ಮಾತು ಬೇರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಎಂಬ ಕೆಟೆಚಿನ್ ಇರುವ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯ ಸೂಚನೆ ಕಂಡಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಅದೇ ಪ್ರಾಧಿಕಾರದ ಪ್ರಕಾರ ಗರ್ಭಿಣಿಯರು ದಿನಕ್ಕೆ ಎಲ್ಲ ಮೂಲಗಳಿಂದ ಸೇರಿ 200 ಮಿಲಿಗ್ರಾಂ ಕೆಫೀನ್ ದಾಟಬಾರದು. ರಕ್ತ ತೆಳು ಮಾಡುವ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರಲ್ಲಿ ಒಂದು ಮಾತು ಕೇಳಿ. ಕೆಲವು ಮಾತ್ರೆಗಳ ಕೆಲಸಕ್ಕೆ ಗ್ರೀನ್ ಟೀ ಅಡ್ಡ ಬರುತ್ತದೆ.

ಇನ್ನು ಕೊಳ್ಳುವ ವಿಷಯ. ಅಂಗಡಿಯವರ ಮಾತಿಗಿಂತ ಎಲೆ ಹೆಚ್ಚು ನಿಜ ಹೇಳುತ್ತದೆ. ಆದರೆ ಎಲೆ ನೋಡುವ ಮೊದಲು ಕೊಯ್ಲಿನ ತಾರೀಖು ಕೇಳಿ. ಪೊಟ್ಟಣ ಕಟ್ಟಿದ ತಾರೀಖಲ್ಲ, ಎಲೆ ಕಿತ್ತ ವರ್ಷ ಮತ್ತು ಋತು. ಗ್ರೀನ್ ಟೀ ಹೊಸದಾಗಿದ್ದಷ್ಟೂ ಒಳ್ಳೆಯದು. ಕೊಯ್ಲಾದ ವರ್ಷದೊಳಗೆ, ತೆರೆದ ಮೇಲೆ ಒಂದೆರಡು ತಿಂಗಳೊಳಗೆ ಮುಗಿಸಬೇಕು. ವಸಂತದ ಮೊದಲ ಚಿಗುರಿನಲ್ಲಿ ಥಿಯನೀನ್ ಹೆಚ್ಚಿರುತ್ತದೆ. ಚಳಿಗಾಲವೆಲ್ಲ ಗಿಡ ಕೂಡಿಟ್ಟದ್ದು ಅದರಲ್ಲಿ ಬರುತ್ತದೆ. ಚೀನಾದಲ್ಲಿ ಏಪ್ರಿಲ್ 5ರ ಆಸುಪಾಸಿನಲ್ಲಿ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕಿತ್ತ ಎಲೆಗೆ ಬೆಲೆ ಏರುವುದು ಇದಕ್ಕೇ. ಬೇಸಿಗೆಯ ಎಲೆ ಒಗರು ಹೆಚ್ಚು, ಅಗ್ಗ. ಕಹಿ ಸಹಿಸದವರು ವಸಂತದ್ದನ್ನೇ ಕೇಳಬೇಕು. ತೀರಾ ಮೊದಲಿನದ್ದೇ ಬೇಕೆಂಬ ಹಟ ಬೇಡ. ಅದಾದ ಎರಡು ಮೂರು ವಾರಗಳ ಎಲೆ ಬೆಲೆಯಲ್ಲಿ ಇಳಿಯುತ್ತದೆ, ರುಚಿ ಇನ್ನಷ್ಟು ತುಂಬಿಕೊಂಡಿರುತ್ತದೆ. ನನಗೆ ಅದೇ ಇಷ್ಟ.

ಆಮೇಲೆ ಒಣ ಎಲೆ ನೋಡಿ. ಬಣ್ಣ, ಗಾತ್ರ ಒಂದೇ ಸಮ ಇರಬೇಕು, ತಳದಲ್ಲಿ ಪುಡಿ ಕಡಿಮೆ ಇರಬೇಕು. ಇದಕ್ಕೆ ಒಂದು ಅಪವಾದ ಇದೆ. ಜಪಾನಿನ ಫುಕಾಮುಶಿ ಸೆಂಚಾಕ್ಕೆ ಹೆಚ್ಚು ಹೊತ್ತು ಹಬೆ ಕೊಡುವುದರಿಂದ ಎಲೆ ಮೆತ್ತಗಾಗಿ ಪುಡಿಯಾಗುತ್ತದೆ, ಸೋಸಿದ ಚಹಾವೂ ಕದಡಿದಂತೆ ಕಾಣುತ್ತದೆ. ಅದು ದೋಷವಲ್ಲ. ಅದನ್ನು 30, 40 ಸೆಕೆಂಡಿಗೇ ಸೋಸಬೇಕು, ಅಷ್ಟೆ. ಒಂದು ಚಿಟಿಕೆ ಎಲೆಯನ್ನು ಅಂಗೈಯಲ್ಲಿ ಹಿಡಿದು ಬಿಸಿ ಉಸಿರು ಬಿಟ್ಟು ಮೂಸಿ. ಜೀವಂತ ಘಮ ಬಂದರೆ ಸರಿ. ಏನೂ ಬರದಿದ್ದರೆ ಎಲೆ ಹಳತು.

ಕಣ್ಣಿಗೆ ಹೊಡೆಯುವ ಹಸಿರನ್ನು ಅನುಮಾನದಿಂದ ನೋಡಿ. ಹುರಿದ ಎಲೆಯ ಸಹಜ ಬಣ್ಣ ಹಳದಿ ಬೆರೆತ ಹಸಿರು, ಸೋಸಿದ ಚಹಾದಲ್ಲೂ ಅದೇ. 1840ರ ದಶಕದಲ್ಲಿ ಚೀನಾ ಸುತ್ತಿದ ಸ್ಕಾಟ್ಲೆಂಡಿನ ಸಸ್ಯತಜ್ಞ ರಾಬರ್ಟ್ ಫಾರ್ಚೂನ್, ರಫ್ತಿನ ಗ್ರೀನ್ ಟೀಗೆ ಬಣ್ಣ ಏರಿಸಲು ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣದ ಪುಡಿ ಮತ್ತು ಜಿಪ್ಸಮ್ ಬೆರೆಸುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದ. ಗ್ರೀನ್, ಬ್ಲ್ಯಾಕ್ ಎರಡೂ ಒಂದೇ ಗಿಡದವು ಎಂದು ಪಶ್ಚಿಮದವರಿಗೆ ಮನಗಾಣಿಸಿದವನೂ ಅವನೇ. ಹೊರದೇಶದ ಗಿರಾಕಿಗಳು ಗಾಢ ಹಸಿರನ್ನೇ ಬಯಸುತ್ತಿದ್ದರು, ಅದಕ್ಕೆ ಬಣ್ಣ ಹಾಕುತ್ತಿದ್ದರು. ಹಬೆ ಕೊಟ್ಟ ಜಪಾನಿನ ಚಹಾ ಸಹಜವಾಗಿಯೇ ಗಾಢ ಹಸಿರು ಎಂಬುದನ್ನು ಮಾತ್ರ ಮರೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಚರಟದ್ದು. ಚಹಾ ಸೋಸಿದ ಮೇಲೆ ನೆನೆದ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ. ಒಣಗಿದಾಗ ಮುಚ್ಚಿಟ್ಟದ್ದೆಲ್ಲ ಈಗ ತೆರೆದುಕೊಳ್ಳುತ್ತದೆ. ಒಂದು ಮೊಗ್ಗು, ಒಂದೆರಡು ಎಲೆ, ಇಡಿಯಾಗಿ, ಮೆತ್ತಗೆ ಸಿಕ್ಕಿದರೆ ಕೊಯ್ಲು ಎಚ್ಚರದಿಂದ ಆಗಿದೆ. ಹರಿದ ಚೂರು, ಗಟ್ಟಿ ಕಡ್ಡಿ, ಬೇರೆ ಬೇರೆ ಗಾತ್ರದ ಎಲೆ ಸಿಕ್ಕಿದರೆ ಬೆರಕೆ. ಗ್ರೀನ್ ಟೀಯಲ್ಲಿ ಅಂಚು ಕಂದಾಗಿದ್ದರೆ ಬಿಸಿ ಮಾಡುವುದು ತಡವಾಗಿದೆ. ಸುಟ್ಟ ಚುಕ್ಕೆ ಇದ್ದರೆ ಬಾಣಲೆ ಹೆಚ್ಚು ಕಾದಿತ್ತು. ವೈಟ್ ಟೀಯಲ್ಲಿ ಹಸಿರು, ಕಂದು, ಬೂದು ಬೆರೆತಿದ್ದರೆ ಅದು ಸಹಜ. ಪೂರ್ತಿ ಹುಲ್ಲು ಹಸಿರಿದ್ದರೆ ಸರಿಯಾಗಿ ಬಾಡಿಸಿಲ್ಲ. ಟೀ ಬ್ಯಾಗ್ ಒಂದನ್ನು ಕತ್ತರಿಸಿ ಪಕ್ಕದಲ್ಲಿ ಹರಡಿ ನೋಡಿ. ಹೆಚ್ಚಿನವುಗಳಲ್ಲಿ ಇರುವುದು ಸಣ್ಣ ಚೂರು, ಪುಡಿ. ಚೂರಿನಿಂದ ರುಚಿ ಬೇಗ ಇಳಿಯುತ್ತದೆ, ಒಗರೂ ಅಷ್ಟೇ ಬೇಗ. ಹಾಗೆಂದು ಬ್ಯಾಗೆಲ್ಲ ಕೆಟ್ಟದ್ದಲ್ಲ, ಇಡೀ ಎಲೆ ತುಂಬಿದ ಬ್ಯಾಗೂ ಇವೆ.

ವೈಟ್ ಟೀ ಕೊಳ್ಳುವಾಗ ಹೆಸರಿನಲ್ಲಿ ಎಡವುವುದು ಸುಲಭ. ಚೀನಾದ ಝೆಜಿಯಾಂಗ್‌ನ ಆನ್‌ಜಿ ಬೈ ಚಾವನ್ನು ವೈಟ್ ಟೀ ಎಂದೇ ಮಾರುವವರಿದ್ದಾರೆ. ಅದರ ಚಿಗುರು ಚಳಿಗೆ ಬಿಳಚಿಕೊಂಡಿರುತ್ತದೆ, ತಯಾರಿ ಮಾತ್ರ ಪೂರ್ತಿ ಗ್ರೀನ್ ಟೀಯದ್ದು. ಬಹಳ ಸೊಗಸಾದ ಚಹಾ, ಆದರೆ ಅದನ್ನು 90 ಡಿಗ್ರಿಯಲ್ಲಿ ಆರು ನಿಮಿಷ ಬಿಟ್ಟರೆ ಕೆಟ್ಟೇ ಹೋಗುತ್ತದೆ.

ನಿಮಗೆ ನಾನು ಸೂಚಿಸುವ ದಾರಿ ಇದು. ಮುಂದಿನ ಸಲ ಸಿಲ್ವರ್ ನೀಡಲ್ ಬದಲು ಬೈ ಮುಡಾನ್ ತನ್ನಿ. ಮೊಗ್ಗಿನ ಜೊತೆ ಒಂದೆರಡು ಎಲೆಯೂ ಇರುವ ವೈಟ್ ಟೀ ಅದು. ರುಚಿ ಹೆಚ್ಚು ತುಂಬಿದ್ದು, ಬೆಲೆ ಕಡಿಮೆ, ನೀರು ಸ್ವಲ್ಪ ಬಿಸಿ ಹೆಚ್ಚಾದರೂ, ಹೊತ್ತು ಮೀರಿದರೂ ಸಹಿಸಿಕೊಳ್ಳುತ್ತದೆ. ಕಹಿ ಕಂಡು ಹೆದರಿದವರಿಗೆ ಇದಕ್ಕಿಂತ ಸಲೀಸಾದ ಚಹಾ ನನಗೆ ಗೊತ್ತಿಲ್ಲ. ಗ್ರೀನ್ ಟೀಯಲ್ಲಿ ಲಾಂಗ್‌ಜಿಂಗ್ ಅಥವಾ ಹುವಾಂಗ್‌ಶಾನ್ ಮಾವೋಫೆಂಗ್‌ನಂಥ ಚೀನೀ ಎಲೆಯಿಂದ ಶುರು ಮಾಡಿ. ಲಾಂಗ್‌ಜಿಂಗ್ ಹೆಸರಿನಲ್ಲಿ ನಕಲು ಬಹಳ. ಬೇರೆ ಊರಿನ ಎಲೆಗೂ ಅದೇ ಆಕಾರ ಕೊಟ್ಟು ಮಾರುತ್ತಾರೆ. ಹೆಸರಿಗೆ ಹಣ ಕೊಡಬೇಡಿ, ಮಾದರಿ ಕುಡಿದು ರುಚಿಗೆ ಕೊಡಿ. ಸೆಂಚಾ ತಪ್ಪನ್ನು ಕ್ಷಮಿಸುವುದಿಲ್ಲ. ಕೈ ಕುದುರಿದ ಮೇಲೆ ಮತ್ತೆ ಅದಕ್ಕೆ ಬನ್ನಿ. ಮಲ್ಲಿಗೆ ಘಮದ ಚಹಾ ಇಷ್ಟವಾದರೆ ನಿಜವಾದ ಹೂವಿನ ಜೊತೆ ಇಟ್ಟು ಘಮ ಹಿಡಿಸಿದ್ದನ್ನೇ ಕೇಳಿ. ಎಸೆನ್ಸ್ ಹಾಕಿದ್ದಾದರೆ ಮೊದಲ ಕಪ್ಪಿನಲ್ಲಿ ಘಾಟು, ಎರಡನೆಯದರಲ್ಲಿ ಖಾಲಿ.

ಹಳೆಯ ವೈಟ್ ಟೀ ಎಂದು ದುಬಾರಿ ಬೆಲೆಗೆ ಮಾರುವುದೂ ಈಗ ಜಾಸ್ತಿ. ಒಂದು ವರ್ಷಕ್ಕೆ ಚಹಾ, ಮೂರಕ್ಕೆ ಔಷಧಿ, ಏಳಕ್ಕೆ ನಿಧಿ ಎಂಬ ಮಾತು ಚೀನಾದ ವ್ಯಾಪಾರದಲ್ಲಿ ಓಡಾಡುತ್ತದೆ. ಔಷಧಿಯ ಭಾಗ ಬಿಟ್ಟುಬಿಡಿ. ಚೆನ್ನಾಗಿ ಇಟ್ಟ ಬೈ ಮುಡಾನ್, ಬಲಿತ ಎಲೆಯ ವೈಟ್ ಟೀಯಾದ ಶೌ ಮೇ ವರ್ಷಗಳು ಕಳೆದಂತೆ ಒಣಹಣ್ಣಿನ ಸಿಹಿ ಪಡೆಯುವುದು ನಿಜ. ಆದರೆ ತೇವ, ಬಿಸಿ ಕೊಟ್ಟು ಬೇಗ ಕಪ್ಪಾಗಿಸಿ "ಹಳತು" ಎಂದು ಮಾರುವುದೂ ನಡೆಯುತ್ತದೆ. ರುಚಿ ನೋಡದೆ ಕೊಳ್ಳುವ ವಸ್ತು ಅದಲ್ಲ.

ಒಂದೇ ಸಲ 50 ಗ್ರಾಂಗಿಂತ ಹೆಚ್ಚು ಗ್ರೀನ್ ಟೀ ಕೊಳ್ಳಬೇಡಿ. ಒಲೆಯ ಪಕ್ಕದ ಗಾಜಿನ ಜಾಡಿ ಅದಕ್ಕೆ ಅತ್ಯಂತ ಕೆಟ್ಟ ಜಾಗ. ಬೆಳಕು, ಬಿಸಿ, ತೇವ, ಗಾಳಿ, ಒಗ್ಗರಣೆಯ ವಾಸನೆ ಐದೂ ಅಲ್ಲೇ ಸೇರಿವೆ. ಹಸಿರು ಹಳದಿಯಾದದ್ದು ಅದಕ್ಕೇ. ಬೆಳಕು ಹೋಗದ, ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿಡಿ. ತೆರೆಯದ ಪೊಟ್ಟಣವನ್ನು ಫ್ರಿಜ್‌ನಲ್ಲಿ ಇಡಬಹುದು, ಆದರೆ ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಎಲೆಗೆ ನೀರಿನ ಹನಿ ಹಿಡಿಯುತ್ತದೆ. ತೆರೆದು ದಿನವೂ ಬಳಸುವ ಡಬ್ಬಿಯನ್ನು ಫ್ರಿಜ್‌ಗೆ ಹಾಕಿ ತೆಗೆದು ಮಾಡಬೇಡಿ.

ಈಗ ನಿಮ್ಮ ಬಳಿ ಇರುವ ಜಾಡಿಗಳ ಗತಿ. ಹಳದಿಯಾದ ಸೆಂಚಾ ಅಪಾಯಕಾರಿ ಅಲ್ಲ, ಘಮ ಕಳೆದುಕೊಂಡಿದೆ ಅಷ್ಟೆ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿ ಆರರಿಂದ ಎಂಟು ಗಂಟೆ ಇಟ್ಟು ಸೋಸಿ. ತಣ್ಣೀರಿಗೆ ಕಹಿ ಕಡಿಮೆ ಇಳಿಯುವುದರಿಂದ ಉಳಿದ ಸಿಹಿ ಮೇಲೆ ಬರುತ್ತದೆ. ಮರುದಿನದೊಳಗೆ ಕುಡಿದು ಮುಗಿಸಿ. ಸಿಲ್ವರ್ ನೀಡಲ್‌ಗೆ ವರ್ಷ ಕಳೆದದ್ದರಿಂದ ಸೆಂಚಾದಷ್ಟು ನಷ್ಟ ಆಗಿರುವುದಿಲ್ಲ. ಮೊದಲು ಮೂಸಿ ನೋಡಿ. ಮುಗ್ಗಲು ಅಥವಾ ಅಡುಗೆಮನೆಯ ವಾಸನೆ ಹಿಡಿದಿದ್ದರೆ ಎಸೆದುಬಿಡಿ. ಇಲ್ಲವಾದರೆ 4 ಗ್ರಾಂ ತೂಗಿ, ಬೆಳಗಿನ ಹೊತ್ತು, ಮೇಲೆ ಹೇಳಿದ ಹದದಲ್ಲಿ ಮಾಡಿ. ಅದೇ ಎಲೆಗೆ ಎರಡನೇ ಸಲ, ಮೂರನೇ ಸಲ ನೀರು ಹಾಕಿ, ಪ್ರತಿ ಸಲ ಒಂದೆರಡು ನಿಮಿಷ ಹೆಚ್ಚು ಬಿಡಿ. ಹಲವರಿಗೆ ಮೊದಲ ಕಪ್ಪಿಗಿಂತ ಎರಡನೆಯದೇ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಮೊಗ್ಗು ಪೂರ್ತಿ ನೆನೆದು ಬಿಚ್ಚಿಕೊಳ್ಳುವುದು ಆಗಲೇ.